ಹದಿನಾರನೇ ವಾರ್ಡಿನ ಕಂಪೌಂಡರು

ಆ ಒಂದು ಕಾಗದ ಬರೆಯದೇ ಇದ್ದಿದ್ದರೆ ತೀರ್ಥಪ್ಪ ಇವತ್ತಿಗೂ ಬರೀ ಕಳ್ಳ ಎನಿಸಿಕೊಂಡು ನೆಮ್ಮದಿಯಾಗಿ ಇರುತ್ತಿದ್ದ. ಆದರೆ ಬರೆದ. ಎರಡು ಇನ್‌ಲ್ಯಾಂಡ್ ಲೆಟರು ಹಾಳು ಮಾಡಿ, ಮೂರನೆಯದರಲ್ಲಿ ಅಂಚಿನವರೆಗೂ ಒತ್ತೊತ್ತಾಗಿ ಬರೆದು, ಬೆಂಗಳೂರಿನ ಟೀವಿ ವಿಳಾಸಕ್ಕೆ ಹಾಕಿಯೇ ಬಿಟ್ಟ.

ತೀರ್ಥಪ್ಪ ಹಾಲುಗೊಂಡನಹಳ್ಳಿ ಆಸ್ಪತ್ರೆಯ ಕಂಪೌಂಡರು. ಅಜ್ಜಂಪುರದಲ್ಲಿ ಬಸ್ಸು ಹತ್ತಿ ಬುಕ್ಕಾಂಬುಧಿ ಕಡೆಗೆ ಹೊರಟರೆ ನಡುವೆ ಸಿಗುವ ಊರು, ಆರು ಮಂಚದ ಆಸ್ಪತ್ರೆ. ಹತ್ತೊಂಬತ್ತು ವರ್ಷದಿಂದ ಅವನು ಅಲ್ಲಿನ ಔಷಧಿ ಕಿಟಕಿಯ ಹಿಂದೆ ನಿಂತು, ಜನ ಮನೆಯಿಂದ ತಂದ ಬಾಟಲಿಗೆ ಮಿಕ್ಸ್‌ಚರ್ ಸುರಿದು, ಬಾಟಲಿಯ ಮೈಗೆ ಗೆರೆ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಹೊತ್ತಿಗೆ ಒಂದು ಗೆರೆಯಷ್ಟು ಕುಡಿಯಬೇಕು ಎಂದು ಒಬ್ಬೊಬ್ಬರಿಗೂ ಮೂರು ಮೂರು ಸಲ ಹೇಳಿ ಕಳಿಸುತ್ತಿದ್ದ. ಯಾರೂ ಅವನ ಕಡೆ ಬೆರಳೆತ್ತಿ ತೋರಿಸಿದವರಲ್ಲ.

ಎಂಬತ್ತೇಳನೇ ಇಸವಿಯಲ್ಲಿ ಗೊಬ್ಬರದಂಗಡಿ ಶಿವಮೂರ್ತಪ್ಪ ಟೀವಿ ತಂದ. ಮಂಗಳವಾರ ಸಂಜೆ ಅದರಲ್ಲಿ ‘ಹದಿನಾರನೇ ವಾರ್ಡು’ ಎಂಬ ಧಾರಾವಾಹಿ ಶುರುವಾಯಿತು. ಕಡೂರು ಸೀಮೆಯ ಹಳ್ಳಿ ಆಸ್ಪತ್ರೆಯ ಕತೆ ಎಂದು ಮೊದಲೇ ಅಕ್ಷರ ಹಾಕಿ ತೋರಿಸಿದ್ದರು. ನಮ್ಮ ಸೀಮೆ ಕತೆಯಂತೆ ಎಂದು ಅರ್ಧ ಊರು ಶಿವಮೂರ್ತಪ್ಪನ ಪಡಸಾಲೆಯಲ್ಲಿ ಒತ್ತಿಕೊಂಡು ಕೂತಿತು.

ತೀರ್ಥಪ್ಪನಿಗೆ ಮೊದಲ ವಾರವೇ ಮೈ ಉರಿಯಿತು. “ಅಲ್ರೀ, ಆ ನರ್ಸು ಸ್ಪಿರಿಟ್ ಹಚ್ದೆ ಇಂಜೆಕ್ಷನ್ ಚುಚ್ಬಿಟ್ಲಲ್ಲ!” ಎಂದ. “ಶ್!” ಎಂದಿತು ಪಡಸಾಲೆ. “ಪೇಶೆಂಟ್ ಜತೆ ಒಬ್ರೂ ಇಲ್ವಲ್ರೀ, ಅವನೇನು ಅನಾಥನಾ?” ಎಂದ. “ನೀನು ಸುಮ್ನಿರಪ್ಪಾ!” ಎಂದರು. ಧಾರಾವಾಹಿಯ ಹಳ್ಳಿಯವರು ಮಾತಿಗೊಂದು ಸಲ ‘ಅಡ್ಡಬಿದ್ದೆ ಬುದ್ಧೀ’ ಎನ್ನುತ್ತಿದ್ದರು. ಮಲಗಿದ ರೋಗಿಯ ತಲೆಯ ಮೇಲೂ ರುಮಾಲು ಇರುತ್ತಿತ್ತು. ವಾರ್ಡಿನ ನೆಲವೋ, ಬಿದ್ದ ಅನ್ನ ಎತ್ತಿ ತಿನ್ನಬಹುದು, ಅಷ್ಟು ಥಳಥಳ. ಇದು ಯಾವ ಸೀಮೆ ಕಡೂರು ಎಂದು ತೀರ್ಥಪ್ಪ ದಾರಿಯುದ್ದಕ್ಕೂ ಗೊಣಗಿಕೊಂಡು ಮನೆಗೆ ಬರುತ್ತಿದ್ದ. ಜತೆಗೇ ಬರುತ್ತಿದ್ದ ಹೆಂಡತಿ ವಿಮಲಮ್ಮ, “ನಿಮ್ಗೇನು ಬಂತು, ಅದು ಕತೆ ಕಣ್ರೀ,” ಎಂದು ನಗುತ್ತಿದ್ದಳು.

ಐದನೇ ವಾರ ಆ ನಗು ನಿಂತಿತು. ಧಾರಾವಾಹಿಗೆ ನಂಜಪ್ಪ ಎಂಬ ಕಂಪೌಂಡರ್ ಬಂದ. ಅವನು ಔಷಧಿಗೆ ನೀರು ಬೆರೆಸಿ ಬಡವರಿಗೆ ಕೊಟ್ಟು, ಅಸಲಿ ಔಷಧಿಯನ್ನು ಹಿಂಬಾಗಿಲಲ್ಲಿ ಮಾರುತ್ತಿದ್ದ. ನಂಜಪ್ಪ ನಲ್ಲಿ ತಿರುಗಿಸಿದಾಗ ಪಡಸಾಲೆಯ ಅಷ್ಟೂ ತಲೆಗಳು ತೀರ್ಥಪ್ಪನ ಕಡೆ ತಿರುಗಿದವು, ಆಮೇಲೆ ವಿಮಲಮ್ಮನ ಕಡೆ ತಿರುಗಿದವು.

ಮಾರನೇ ದಿನದಿಂದ ಔಷಧಿ ಕಿಟಕಿಯ ಮುಂದೆ ಬೇರೆಯೇ ಆಟ. ಮಂಡಿನೋವಿಗೆಂದು ಆಸ್ಪತ್ರೆ ಸೇರಿದ್ದ ದ್ಯಾವಮ್ಮಜ್ಜಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿ, “ಏನ್ ಕಂಪೌಂಡ್ರಪ್ಪಾ, ಇವತ್ತು ನೀರು ಎಷ್ಟು ಬಿಟ್ಟಿದೀಯ?” ಎಂದಳು. ಏನು ಹೇಳುವುದು? ಮಿಕ್ಸ್‌ಚರ್ ಎಂದರೇ ಮುಕ್ಕಾಲು ನೀರು. ಹಾಕಿಲ್ಲ ಎಂದರೆ ಸುಳ್ಳಾಗುತ್ತದೆ, ಹಾಕಿದ್ದೇನೆ ಎಂದರೆ ಮುಗಿದೇ ಹೋಯಿತು. ತೀರ್ಥಪ್ಪ ತಲೆ ತಗ್ಗಿಸಿ ಪಟ್ಟಿ ಅಂಟಿಸಿದ.

ಇದನ್ನೆಲ್ಲ ಅವನು ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ಮುಂದಿನ ಮಂಗಳವಾರ ವಿಮಲಮ್ಮ, “ತಲೆನೋವು, ನೀವು ಹೋಗಿ ಬನ್ನಿ,” ಎಂದಳು. ಅದರ ಮುಂದಿನ ವಾರವೂ ತಲೆನೋವು. ಬೀದಿ ನಲ್ಲಿಯ ಹತ್ತಿರ ಯಾರೋ, “ನಿಮ್ಗೇನಮ್ಮ ನೀರಿಗೆ ಬರ, ನಿಮ್ಮೆಜಮಾನ್ರ ಹತ್ರ ಬಾಟ್ಲಿಗಟ್ಲೆ ಇರ್ತದಲ್ಲ,” ಎಂದಿದ್ದರಂತೆ. ಅವಳು ಗಂಡನಿಗೆ ಹೇಳಲಿಲ್ಲ. ಪಕ್ಕದ ಮನೆಯವರು ಹೇಳಿದರು. ಮಂಗಳವಾರದ ಆ ಅರ್ಧ ಗಂಟೆ ಬಿಟ್ಟರೆ ಮಗಳ ಮದುವೆಯಾದ ಮೇಲೆ ಆ ಹೆಂಗಸಿಗೆ ಬೇರೆ ಸಂತೋಷ ಅಂತ ಏನಿತ್ತು? ಅದನ್ನೂ ಕಿತ್ತುಕೊಂಡರಲ್ಲ! ಆಗ ಬರೆದದ್ದು ಆ ಕಾಗದ. ‘ಕಂಪೌಂಡರುಗಳು ಕಳ್ಳರಲ್ಲ. ನಿಮ್ಮ ಆಸ್ಪತ್ರೆ ಆಸ್ಪತ್ರೆಯಲ್ಲ, ನಿಮ್ಮ ಹಳ್ಳಿಯವರು ಹಳ್ಳಿಯವರಲ್ಲ. ದಯಮಾಡಿ ನಮ್ಮಲ್ಲಿಗೆ ಬಂದು ಕಣ್ಣಾರೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ತೋರಿಸಿ.’

ಉತ್ತರ ಬಂತು! ಧಾರಾವಾಹಿಯ ಡೈರೆಕ್ಟರೇ ಗುರುವಾರ ಬೆಳಗ್ಗೆ ಬರುತ್ತಾರಂತೆ. ತೀರ್ಥಪ್ಪ ಸಂಭ್ರಮ ತಡೆಯಲಾರದೆ ಅದನ್ನು ಡಾಕ್ಟರಿಗೆ ತೋರಿಸಿದ. ಡಾಕ್ಟರು ಒಳ್ಳೆಯವರು, ಆದರೆ ಪುಕ್ಕಲು. ಅವರು ಶಿವಮೂರ್ತಪ್ಪನಿಗೆ ಹೇಳಿದರು. ಶಿವಮೂರ್ತಪ್ಪನಿಗೆ ಹೇಳಿದ ಮೇಲೆ ಊರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಗುರುವಾರ ಎಂಟು ಗಂಟೆಗೆ ಆಸ್ಪತ್ರೆಗೆ ಬಂದ ತೀರ್ಥಪ್ಪ ದಾರಿ ತಪ್ಪಿತೇನೋ ಎಂದು ಹಿಂದಕ್ಕೆ ತಿರುಗಿ ಬೋರ್ಡು ನೋಡಿದ. ಬೋರ್ಡು ಅದೇ. ಆದರೆ ಅಂಗಳದಲ್ಲಿ ರೋಗಿಗಳ ಕಡೆಯವರು ಗಂಜಿ ಕಾಯಿಸುತ್ತಿದ್ದ ಮೂರು ಕಲ್ಲಿನ ಒಲೆಗಳು ಒಂದೂ ಇಲ್ಲ. ಬೇಲಿ ಮೇಲೆ ಒಣಗುತ್ತಿದ್ದ ಕಂಬಳಿ, ಚಾಪೆ ಇಲ್ಲ. ಒಳಗೆ ಹೆಜ್ಜೆ ಇಟ್ಟರೆ ನೆಲ ಜಾರುತ್ತದೆ! ಕಿಟಕಿಗಳಿಗೆ ಶಿವಮೂರ್ತಪ್ಪನ ಮಗನ ಮದುವೆಯ ಪರದೆಗಳು. ಡ್ರೆಸ್ಸಿಂಗ್ ರೂಮಿನ ಬಾಗಿಲ ಮೇಲೆ ಕೆಂಪು ಬಲ್ಬು. ಮಂಚಗಳ ಮೇಲೆ ಊರಿನ ಪ್ರಮುಖರು! ಮೊದಲ ಮಂಚದಲ್ಲಿ ಶಿವಮೂರ್ತಪ್ಪನೇ ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು, ಅದರ ಮೇಲೆ ರುಮಾಲು ಇಟ್ಟುಕೊಂಡು ಮಲಗಿದ್ದ. ಪಕ್ಕದಲ್ಲಿ ಅವನ ಹೆಂಡತಿ ಸಾವಿತ್ರಮ್ಮ ರೇಷ್ಮೆ ಸೀರೆ ಉಟ್ಟು, ಥರ್ಮಾಮೀಟರ್ ಕಚ್ಚಿಕೊಂಡು ಮಲಗಿದ್ದಳು.

“ಇದೇನ್ರೀ ಇದು! ಪೇಶೆಂಟ್ಸ್ ಎಲ್ಲಿ?” ಎಂದ ತೀರ್ಥಪ್ಪ.

“ಸ್ಕೂಲ್ ಜಗುಲಿಗೆ ಕಳ್ಸಿದೀವಿ ಕಣಪ್ಪಾ,” ಎಂದ ಶಿವಮೂರ್ತಪ್ಪ. “ಟೀವಿಯೋರು ಬತ್ತಾವ್ರೆ, ನಮ್ಮ ಆಸ್ಪತ್ರೆ ಆಸ್ಪತ್ರೆ ಥರ ಕಾಣ್ಬೇಕೋ ಬೇಡ್ವೋ?”

“ಅವ್ರು ಬರ್ತಿರೋದು ನಿಜವಾದ್ದು ನೋಡೋಕೆ ಯಜಮಾನ್ರೇ!”

“ನಿಜವಾದ್ದು ತೋರ್ಸಿ ಊರ ಮರ್ಯಾದೆ ಕಳೀತೀಯಾ? ಸುಮ್ನೆ ಹೋಗಿ ಕ್ಲೀನ್ ಕೋಟ್ ಹಾಕ್ಕೊ.”

ತೀರ್ಥಪ್ಪ ಡಾಕ್ಟರ ಮುಖ ನೋಡಿದ. ಡಾಕ್ಟರು ಸ್ಟೆತಾಸ್ಕೋಪಿನ ಹಿಂದೆ ಅಡಗಿಕೊಳ್ಳಲು ಜಾಗ ಹುಡುಕುತ್ತಿದ್ದರು. “ಒಂದು ದಿನ ತಾನೇ ತೀರ್ಥಪ್ಪ,” ಎಂದರು.

ಹತ್ತೂವರೆಗೆ ಕಾರು ಬಂತು. ಡೈರೆಕ್ಟರ್ ಎಂದರೆ ಮೂವತ್ತೈದರ ಆಸುಪಾಸಿನ ಸಣ್ಣ ಆಸಾಮಿ. ಖಾದಿ ಜುಬ್ಬಾ, ಹೆಗಲಿಗೊಂದು ಚೀಲ. ವಾರ್ಡಿನೊಳಗೆ ಬಂದು ಸುತ್ತ ನೋಡಿದ. ಅವನ ಮುಖ ಅರಳಿತು. “ಅರೆ, ಇದು ಥೇಟ್ ನಮ್ಮ ಸೆಟ್ಟೇ!” ಎಂದ.

“ಅಡ್ಡಬಿದ್ದೆ ಬುದ್ಧೀ,” ಎಂದ ಶಿವಮೂರ್ತಪ್ಪ, ಮಲಗಿದಲ್ಲಿಂದಲೇ. ಅವನು ಹುಟ್ಟಿದಾಗಿನಿಂದ ಯಾರಿಗೂ ಅಡ್ಡಬಿದ್ದವನಲ್ಲ. ಅಮಲ್ದಾರರು ಬಂದರೂ ಕುರ್ಚಿಯಿಂದ ಏಳುವವನಲ್ಲ.

ಡೈರೆಕ್ಟರ್ ತೀರ್ಥಪ್ಪನ ಕಡೆ ತಿರುಗಿದ. “ನೀವೇ ಅಲ್ವಾ ಕಾಗದ ಬರೆದದ್ದು? ನಮ್ಮ ಭಾಷೆ ಸುಳ್ಳು, ವಾರ್ಡು ಸುಳ್ಳು ಅಂದಿದ್ರಿ. ಎಲ್ಲಾ ನಾವು ತೋರಿಸಿದ ಹಾಗೇ ಇದೆಯಲ್ರೀ?”

“ಸಾರ್, ಇವ್ರ್ಯಾರಿಗೂ ಕಾಯಿಲೆನೇ ಇಲ್ಲ ಸಾರ್—”

“ಅಯ್ಯಯ್ಯಪ್ಪಾ!” ಎಂದು ಶಿವಮೂರ್ತಪ್ಪ ಕಿಬ್ಬೊಟ್ಟೆ ಹಿಡಿದುಕೊಂಡು ಕೂಗಿದ. ಬ್ಯಾಂಡೇಜು ತಲೆಗೆ ಎಂಬುದು ಪಾಪ ಅವನಿಗೆ ಮರೆತುಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ದ್ಯಾವಮ್ಮಜ್ಜಿ ಕೋಲೂರಿಕೊಂಡು, ಮಗಳು, ಸೊಸೆ, ಅಳಿಯ, ಒಂದು ಪಾತ್ರೆ ಗಂಜಿ ಸಮೇತ ಒಳಗೆ ನುಗ್ಗಿದಳು. “ಎಲ್ರೋ ನನ್ ಮಂಚ? ಸ್ಕೂಲಿನ ಕಲ್ಲು ಚಪ್ಪಡಿ ಮೇಲೆ ಮಲಗ್ಸಿ ಸಾಯಿಸ್ತೀರೇನ್ರೋ! ಏಳೇ ಸಾವಿತ್ರಿ, ಏಳು ಮೇಲೆ! ರೇಷ್ಮೆ ಸೀರೆ ಉಟ್ಕೊಂಡು ಯಾವ ಕಾಯಿಲೆನೇ ನಿಂಗೆ?”

ತೀರ್ಥಪ್ಪನಿಗೆ ಹೋದ ಜೀವ ಬಂದಂತಾಯಿತು. “ನೋಡಿ ಸಾರ್, ಇವ್ರೇ ನಮ್ಮ ನಿಜವಾದ ಪೇಶೆಂಟು!” ಎಂದ. ಡೈರೆಕ್ಟರ್ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿ, “ಇಲ್ರೀ, ಇದು ಸ್ವಲ್ಪ ಅತಿಯಾಯ್ತು,” ಎಂದ. “ಇಂಥ ಪಾತ್ರ ತೋರಿಸಿದ್ರೆ ಸಹಜ ಅನ್ಸೋದೇ ಇಲ್ಲ.” ನಾಲ್ಕು ಜನ ಸೇರಿ ಅಜ್ಜಿಯನ್ನು ಹೊರಗೆ ಸಾಗಿಸಿದರು.

ತೀರ್ಥಪ್ಪನಿಗೆ ಉಳಿದದ್ದು ತನ್ನ ಔಷಧಿ ಕೋಣೆ ಒಂದೇ. ಅಲ್ಲಿಗೆ ಯಾರೂ ಕೈ ಹಾಕಿರಲಾರರು ಎಂದುಕೊಂಡ. ಕಿಟಕಿಯ ಹತ್ತಿರಕ್ಕೆ ಡೈರೆಕ್ಟರನನ್ನು ಕರೆದೊಯ್ದು, “ಇಲ್ನೋಡಿ ಸಾರ್. ಇದು ಹೊಟ್ಟೆನೋವಿಗೆ, ಇದು ಕೆಮ್ಮಿಗೆ. ಅಳತೆ ತಪ್ಪಿದ್ರೆ ನನ್ನ ಕೈ ಕಡೀರಿ,” ಎಂದ.

ಡೈರೆಕ್ಟರ್ ಕೆಮ್ಮಿನ ಬಾಟಲಿ ಎತ್ತಿಕೊಂಡು, ಬಿರಡೆ ತೆಗೆದು ಮೂಸಿದ. ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದ.

“ಇದು ನೀರು ಕಣ್ರೀ,” ಎಂದ.

ತೀರ್ಥಪ್ಪ ಬಾಟಲಿ ಕಸಿದುಕೊಂಡು ಕುಡಿದ. ನೀರು! ಇನ್ನೊಂದು, ಮತ್ತೊಂದು. ಎಲ್ಲವೂ ಬಣ್ಣ ಹಾಕಿದ ನೀರು. ಹಳೇ ಬಾಟಲಿಗಳು ಮಾಸಲಾಗಿ ಕಾಣುತ್ತವೆಂದು ಅಟೆಂಡರ್ ಕರಿಯಣ್ಣ ಅವನ್ನು ಹಿಂದಿನ ಕೋಣೆಗೆ ಸಾಗಿಸಿ, ಟೀವಿಯಲ್ಲಿ ಕಂಡ ಹಾಗೆ ಕೆಂಪು, ಹಳದಿ, ಹಸಿರು ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದ. ಅದು ತೀರ್ಥಪ್ಪನಿಗೆ ಗೊತ್ತಾದದ್ದು ಆಮೇಲೆ. ಡೈರೆಕ್ಟರ್ ಕೈಯಲ್ಲಿ ಉಳಿದಿದ್ದ ಬಿರಡೆಯನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟ. ಹಿಂದೆ ನಿಂತಿದ್ದ ಹತ್ತಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ಅನುಮಾನವಿತ್ತು, ಈಗ ಬೆಂಗಳೂರಿನವರೇ ನೆಕ್ಕಿ ನೋಡಿ ಹೇಳಿದ್ದಾರೆ.

ಎಲ್ಲರೂ ಡೈರೆಕ್ಟರ ಹಿಂದೆ ಎಳನೀರು ಹಿಡಿದುಕೊಂಡು ಅಂಗಳಕ್ಕೆ ಹೋದರು. ತೀರ್ಥಪ್ಪ ಔಷಧಿ ಕೋಣೆಯ ಒಳಗಿನ ಬೆಂಚಿನ ಮೇಲೆ ಕುಸಿದು ಕೂತ.

ಇದೇ ಹೊತ್ತಿಗೆ ವಿಮಲಮ್ಮ ಹಿಂಬಾಗಿಲಿಂದ ಊಟದ ಕ್ಯಾರಿಯರ್ ತಂದಳು. ಈ ದಿನದ ಗ್ರಹಚಾರ ನೋಡಿ, ಅದೇ ಬಾಗಿಲಿಗೆ ಕರಿಯಣ್ಣ ಹಳೇ ಬಾಟಲಿಗಳ ಬುಟ್ಟಿ ಹೊತ್ತು ಎದುರಾದ. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಬಣ್ಣದ ಔಷಧಿ ಪೂರಾ ಅವಳ ಸೀರೆಯ ಮೇಲೆ! ಕರಿಯಣ್ಣ ಅತ್ತಿತ್ತ ನೋಡಿ ಮಾಯವಾದ. ಸಿಸ್ಟರ್ ಶಕುಂತಲಮ್ಮ ಓಡಿ ಬಂದಳು. ಇನ್ನೆಂಟು ತಿಂಗಳಲ್ಲಿ ರಿಟೈರಾಗಬೇಕಿದ್ದ, ಅರ್ಧ ಊರಿಗೆ ತನ್ನ ಕೈಯಲ್ಲೇ ಹೆರಿಗೆ ಮಾಡಿಸಿದ್ದ ತಾಯಿ ಅವಳು. “ಬಿಚ್ಚು ಬಿಚ್ಚು, ನೆನೆಹಾಕ್ತೀನಿ. ಅಲ್ಲೀ ತಂಕ ಇದನ್ನ ಸುತ್ಕೊ,” ಎಂದು ತನ್ನ ಇನ್ನೊಂದು ಬಿಳೀ ಯೂನಿಫಾರಂ ಸೀರೆ ಕೊಟ್ಟು, ಅವಳ ಸೀರೆಯನ್ನು ಹಿತ್ತಲ ತೊಟ್ಟಿಗೆ ಒಯ್ದಳು.

ಬಿಳೀ ಸೀರೆಯಲ್ಲಿ ಬಂದ ಹೆಂಡತಿಯನ್ನು ನೋಡಿ ತೀರ್ಥಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ. “ವಿಮಲೂ, ನಾನು ನಿಜವಾಗ್ಲೂ ಕಳ್ಳ ಆಗ್ಬಿಟ್ಟೆ ಕಣೇ,” ಎಂದ. ಆದದ್ದನ್ನೆಲ್ಲ ಹೇಳಿದ. “ನಿನ್ನ ತಲೆನೋವು ವಾಸಿ ಮಾಡೋಣ ಅಂತ ಕಾಗದ ಬರೆದೆ. ಇನ್ನೂ ಜಾಸ್ತಿ ಮಾಡಿಟ್ಟೆ.”

ವಿಮಲಮ್ಮ ಕ್ಯಾರಿಯರ್ ಬಿಚ್ಚಿದಳು. ಮುದ್ದೆ, ಅವರೆಕಾಳು ಸಾರು. “ಊಟ ಮಾಡಿ,” ಎಂದಳು. ಅವನು ಕೈ ಹಾಕಲಿಲ್ಲ. ಅವಳೇ ತುತ್ತು ಮುರಿದು ಸಾರಿನಲ್ಲಿ ಅದ್ದಿ ಅವನ ಬಾಯಿಗೆ ಹಿಡಿದಳು.

“ಎಷ್ಟು ವರ್ಷದಿಂದ ಈ ಕೈ ನೋಡ್ತಿದೀನಿ ನಾನು,” ಎಂದಳು. “ಒಂದು ದಿನ ಆದ್ರೂ ಔಷಧಿ ವಾಸನೆ ಬಿಟ್ಟು ಬೇರೆ ವಾಸನೆ ಬಂದಿದ್ಯಾ ಇದಕ್ಕೆ? ಊರೋರು ಏನ್ ಬೇಕಾದ್ರೂ ಅಂದ್ಕೊಳ್ಲಿ. ನಂಗೊತ್ತು.” ಅನ್ನುತ್ತ ಅನ್ನುತ್ತ ಅವಳ ಕಣ್ಣು ತುಂಬಿ ಬಂತು. ತೀರ್ಥಪ್ಪ ತನ್ನ ಕೋಟಿನ ತೋಳಿನಿಂದಲೇ ಅವಳ ಕೆನ್ನೆ ಒರೆಸಿದ. ಅವಳು ಇನ್ನೊಂದು ದೊಡ್ಡ ತುತ್ತು ಅವನ ಬಾಯಿಗಿಟ್ಟಳು.

ಯಾರೋ ಉಸಿರೆಳೆದಂತಾಗಿ ತೀರ್ಥಪ್ಪ ತಲೆ ಎತ್ತಿದ. ಔಷಧಿ ಕಿಟಕಿಯಲ್ಲಿ ಡೈರೆಕ್ಟರ್! ಮರೆತಿದ್ದ ಕನ್ನಡಕದ ಡಬ್ಬಿ ತೆಗೆದುಕೊಳ್ಳಲು ಬಂದವನು ಹಾಗೇ ನಿಂತುಬಿಟ್ಟಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು. ತೀರ್ಥಪ್ಪ ದಡಬಡಿಸಿ ಎದ್ದ. ಇವಳು ನನ್ನ ಹೆಂಡತಿ ಎಂದು ಹೇಳಬೇಕು, ಆದರೆ ಬಾಯಿ ತುಂಬ ಮುದ್ದೆ. ನುಂಗಲು ಹೋಗಿ ಬಿಕ್ಕಳಿಕೆ ಹತ್ತಿತು.

“ಬೇಡ ಬೇಡ, ಕೂತ್ಕೊಳಿ, ಊಟ ಮಾಡಿ,” ಎಂದ ಡೈರೆಕ್ಟರ್ ಮೆಲ್ಲಗೆ. “ನಿಮ್ಮ ಕಾಗದ ಈಗ ಅರ್ಥ ಆಯ್ತು. ಕಂಪೌಂಡರ್ ಪಾತ್ರ ಬದಲಾಯಿಸ್ತೀನಿ. ಇದ್ದದ್ದನ್ನ ಇದ್ದ ಹಾಗೇ ತೋರಿಸ್ತೀನಿ. ಮಾತು ಕೊಟ್ಟಿದೀನಿ.” ಅಲ್ಲಿಂದ ಅವನು ನೇರ ಕಾರಿಗೆ ಹೋಗಲಿಲ್ಲ. ಸ್ಕೂಲ್ ಜಗುಲಿಗೆ ಹೋಗಿ ದ್ಯಾವಮ್ಮಜ್ಜಿಯ ಪಕ್ಕ ಕೂತು, ಅವಳು ಕೊಟ್ಟ ಗಂಜಿ ಕುಡಿದು, ಒಂದು ಗಂಟೆ ಏನೇನೋ ಬರೆದುಕೊಂಡು ಹೋದನಂತೆ.

ಅದಾದ ನಾಲ್ಕನೇ ಮಂಗಳವಾರ ತೀರ್ಥಪ್ಪ ವಿಮಲಮ್ಮನನ್ನು ಒತ್ತಾಯ ಮಾಡಿ ಎಬ್ಬಿಸಿಕೊಂಡು ಶಿವಮೂರ್ತಪ್ಪನ ಪಡಸಾಲೆಗೆ ಬಂದ. ಡೈರೆಕ್ಟರ್ ಮಾತು ಉಳಿಸಿಕೊಂಡಿದ್ದ! ‘ಹದಿನಾರನೇ ವಾರ್ಡಿ’ನ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಬೇಲಿ ಮೇಲೆ ಕಂಬಳಿ. ಒಬ್ಬ ಅಜ್ಜಿ, “ಎಲ್ರೋ ನನ್ ಮಂಚ?” ಎಂದು ಕೋಲೆತ್ತಿದಾಗ ಪಡಸಾಲೆ ಬಿದ್ದು ಬಿದ್ದು ನಕ್ಕಿತು, ದ್ಯಾವಮ್ಮಜ್ಜಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಂಪೌಂಡರ್ ನಂಜಪ್ಪ ಈಗ ಬೇರೆಯೇ ಮನುಷ್ಯ. ಕದಿಯುತ್ತಿದ್ದವನು ಅವನಲ್ಲ, ಅವನ ಹೆಸರಿನಲ್ಲಿ ಇನ್ನಾರೋ ಎಂದು ಗೊತ್ತಾಯಿತು. ಬಾಟಲಿಗೆ ಪಟ್ಟಿ ಅಂಟಿಸಿ, ಮೂರು ಮೂರು ಸಲ ಹೇಳಿ ಕಳಿಸುತ್ತಿದ್ದ.

“ಈ ಸಲ ಒಂದೇ ಒಂದು ಸುಳ್ಳಿಲ್ಲ ನೋಡ್ರಪ್ಪಾ,” ಎಂದು ಶಿವಮೂರ್ತಪ್ಪ ಎದ್ದು ನಿಂತು ಸಾರಿದ. “ಎಲ್ಲಾ ನಮ್ಮೂರಲ್ಲಿ ಕಣ್ಣಾರೆ ಕಂಡಿದ್ದೇ ತೋರ್ಸವ್ರೆ. ತೀರ್ಥಪ್ಪಾ, ನಾವೇ ನಿನ್ನ ತಪ್ಪು ತಿಳ್ಕೊಂಡಿದ್ವಿ ಕಣಯ್ಯಾ. ಬಾ, ಕುರ್ಚಿ ಮೇಲೆ ಕೂತ್ಕೊ.” ತೀರ್ಥಪ್ಪ ಕುರ್ಚಿಯ ಮೇಲೆ ಕೂತ. ವಿಮಲಮ್ಮನ ಮುಖ ನೋಡಿದ. ಎಷ್ಟು ದಿನದ ಮೇಲೆ ಆ ಮುಖದಲ್ಲಿ ಬೆಳಕು!

ಅಷ್ಟರಲ್ಲಿ ಟೀವಿಯಲ್ಲಿ ಔಷಧಿ ಕೋಣೆ ಬಂತು. ನಂಜಪ್ಪ ಬೆಂಚಿನ ಮೇಲೆ ಸಪ್ಪಗೆ ಕೂತಿದ್ದಾನೆ. ಬಿಳೀ ಸೀರೆಯ ನರ್ಸು ಹಿಂಬಾಗಿಲಿಂದ ಕ್ಯಾರಿಯರ್ ಹಿಡಿದು ಬರುತ್ತಾಳೆ. ಪಿಟೀಲು ಶುರುವಾಯಿತು. ನರ್ಸು ತುತ್ತು ಮುರಿದು ಅವನ ಬಾಯಿಗಿಡುತ್ತಾಳೆ. “ನಿಜವಾದ ಮುದ್ದೆ ಕಣ್ರೋ!” ಎಂದರು ಯಾರೋ ಭಕ್ತಿಯಿಂದ. “ಎಷ್ಟು ವರ್ಷದಿಂದ ಈ ಕೈ ನೋಡ್ತಿದೀನಿ ನಾನು,” ಎಂದಳು ನರ್ಸು. ನಂಜಪ್ಪ ಕೋಟಿನ ತೋಳಿನಿಂದ ಅವಳ ಕೆನ್ನೆ ಒರೆಸಿದ.

ಪಡಸಾಲೆಯ ತಲೆಗಳು ಒಂದೊಂದಾಗಿ ತೀರ್ಥಪ್ಪನ ಕಡೆ ತಿರುಗಿದವು. ಅಲ್ಲಿಂದ ಗೋಡೆಗೊರಗಿ ಕೂತಿದ್ದ ಸಿಸ್ಟರ್ ಶಕುಂತಲಮ್ಮನ ಕಡೆಗೆ ಹೋದವು. ಕೊನೆಗೆ ಬಹಳ ಕರುಣೆಯಿಂದ ವಿಮಲಮ್ಮನ ಮೇಲೆ ನಿಂತವು.

“ಎಷ್ಟು ವರ್ಷದಿಂದಂತೆ!” ಎಂದಳು ಸಾವಿತ್ರಮ್ಮ.

ತೀರ್ಥಪ್ಪ ಕುರ್ಚಿಯಿಂದ ಹಾರಿ ಎದ್ದ. “ಅಯ್ಯೋ, ಅದು ಸಿಸ್ಟರ್ ಅಲ್ಲ ಕಣ್ರೀ! ಅದು ಇವ್ಳು, ನನ್ನ ಹೆಂಡ್ತಿ! ಸಿಸ್ಟರ್ ಸೀರೆ ಉಟ್ಟಿದ್ಲು ಅಷ್ಟೇ!”

“ನಿನ್ನ ಹೆಂಡ್ತಿ ಯಾಕಯ್ಯಾ ಸಿಸ್ಟರ್ ಸೀರೆ ಉಡ್ತಾಳೆ?”

“ಕರಿಯಣ್ಣ ಇವ್ಳ ಮೇಲೆ ಔಷಧಿ ಚೆಲ್ದ! ಕೇಳಿ ಬೇಕಾದ್ರೆ!”

ಕರಿಯಣ್ಣ ಪಡಸಾಲೆಯ ಮೂಲೆಯಿಂದಲೇ ಕೈ ಮುಗಿದ. ಸರ್ಕಾರಿ ಔಷಧಿ ಚೆಲ್ಲಿದವನು ಅಲ್ಲೇ ಕೂತಿದ್ದ ಡಾಕ್ಟರ ಎದುರಿಗೆ ಒಪ್ಪಿಕೊಳ್ಳುತ್ತಾನೆಯೇ? “ನಾನ್ಯಾವ ಬಾಟ್ಲಿನೂ ಮುಟ್ಟಿಲ್ಲಪ್ಪೋ,” ಎಂದ. ತೀರ್ಥಪ್ಪ ಶಕುಂತಲಮ್ಮನ ಕಡೆ ದೈನ್ಯದಿಂದ ನೋಡಿದ. ಆ ತಾಯಿಗೆ ಇದ್ಯಾವುದೂ ಕಿವಿಗೇ ಬಿದ್ದಿರಲಿಲ್ಲ. ಟೀವಿಯನ್ನೇ ನೋಡುತ್ತ, “ಎಷ್ಟ್ ಚಿಕ್ಕೋಳ್ನ ಮಾಡವ್ರೆ ನನ್ನ! ಮೂಗು ಒಂಚೂರು ಹೋಲಲ್ಲ, ಅಷ್ಟೆ,” ಎಂದಳು.

“ಟೀವಿಯೋರು ಸುಳ್ಳು ತೋರ್ಸವ್ರೆ!” ಎಂದು ತೀರ್ಥಪ್ಪ ಕೂಗಿದ.

“ಹೆಂಗಾಯ್ತದೆ?” ಎಂದ ಶಿವಮೂರ್ತಪ್ಪ, ಕುರ್ಚಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತ. “ಇದ್ದದ್ದು ಇದ್ದಂಗೆ ತೋರ್ಸಿ ಅಂತ ಕಾಗದ ಬರೆದೋನು ನೀನೇ ತಾನೆ? ಒಲೆ ನಿಜ, ಕಂಬಳಿ ನಿಜ, ಅಜ್ಜಿ ನಿಜ, ಮುದ್ದೆ ನಿಜ. ಇದೊಂದೇ ಸುಳ್ಳಾ?”

“ವಿಮಲೂ, ನೀನಾದ್ರೂ ಹೇಳೇ!”

ವಿಮಲಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಎರಡೂ ಅಲುಗುತ್ತಿದ್ದವು. “ಅಳ್ಬೇಡ ಕಣಮ್ಮಾ, ಗಂಡಸ್ರ ಬುದ್ಧಿನೇ ಅಷ್ಟು,” ಎಂದು ನಾಲ್ಕು ಹೆಂಗಸರು ಅವಳ ಬೆನ್ನು ಸವರಿದರು. ದ್ಯಾವಮ್ಮಜ್ಜಿ ತೀರ್ಥಪ್ಪನ ಕಡೆ ತಿರುಗಿ, “ಥೂ! ನೀರು ಬೆರಸ್ತಿದ್ದಾಗ್ಲೇ ಚೆನ್ನಾಗಿದ್ದೆ ಕಣೋ ನೀನು,” ಎಂದಳು.

ಇಬ್ಬರೂ ಹೊರಗೆ ಬಂದು ಬೀದಿಯ ತಿರುವು ದಾಟಿದರು. ವಿಮಲಮ್ಮ ಸೆರಗು ತೆಗೆದಳು. ಕಣ್ಣಲ್ಲಿ ನೀರೇನೋ ಇತ್ತು, ಆದರೆ ಅವಳು ನಗುತ್ತಿದ್ದಳು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ನಗ್ತೀಯಾ! ಇಷ್ಟು ದಿನ ಬರೀ ಕಳ್ಳ ಅಂತಿದ್ರು. ನಾಳೆಯಿಂದ ಯಾವ ಹೆಂಗಸೂ ಕಿಟಕಿ ಹತ್ರ ಬರಲ್ಲ ಕಣೇ! ಅಲ್ಲಿ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?”

“ಏನಂತ ಹೇಳ್ಲಿ? ನಾನೇ ಇವ್ರಿಗೆ ತುತ್ತು ತಿನ್ಸಿದ್ದು ಅಂತ ಅಷ್ಟು ಜನ ಗಂಡಸ್ರ ಮುಂದೆ ಹೇಳ್ಲಾ? ನಾಚ್ಕೆ ಆಗಲ್ವಾ ನಂಗೆ? ಜೀವ ಹೋದ್ರೂ ಹೇಳಲ್ಲಪ್ಪ ನಾನು.” ಅವಳು ನಗು ತಡೆದುಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿ, ಮೊದಲ ಸಲ ಬೀದಿಯಲ್ಲಿ ಅವನ ತೋಳು ಹಿಡಿದಳು. “ರೀ, ಮುಂದಿನ ಮಂಗಳವಾರ ಬೇಗ ಬಂದು ಮುಂದುಗಡೆನೇ ಜಾಗ ಹಿಡಿಯೋಣ ಕಣ್ರೀ. ಆ ನರ್ಸಿಗೆ ಆಮೇಲೆ ಏನಾಯ್ತು ಅಂತ ನಾನು ನೋಡ್ಲೇಬೇಕು.”